ಮಲಗುವ ಮನೆಯ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು

ಶಿವನಸಮುದ್ರದ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ೧೯೦೨ನೆಯ ಇಸವಿಯಲ್ಲಿ ವಿದ್ಯುಚ್ಛಕ್ತಿಯನ್ನು ಸಾಗಿಸಿದಾಗಲೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿದಾಗಲೂ, ಇದೇ ಶಕ್ತಿಯು ಒಂದು ದಿನ ಒಕ್ಕಲಿಗನ ಮಲಗುವ ಮನೆಯ ಗೋಡೆಯೊಳಕ್ಕೆ ಬಂದು ಸೇರುವುದೆಂದು ಎಣಿಸಿದವರು ಬಹಳ ಮಂದಿ ಇದ್ದಿರಲಾರರು. ಈಗ ದೀಪ, ಫ್ಯಾನು, ಪಂಪುಸೆಟ್ಟು, ಮೇವು ಕತ್ತರಿಸುವ ಯಂತ್ರ ಇವೆಲ್ಲವೂ ಹಳ್ಳಿಯ ಸಂಸಾರಕ್ಕೆ ಸೇರಿದ ಸಾಮಾನುಗಳೇ ಆಗಿರುವುವು. ಹೀಗಿರುವಲ್ಲಿ ಒಂದು ಹೊಸ ಸಂದೇಹವೂ ಹುಟ್ಟಿಕೊಂಡಿದೆ. ಗೋಡೆಯೊಳಗಣ ತಂತಿಗಳಿಂದ ಹೊರಡುವ ವಿದ್ಯುತ್ತಿನ ಮತ್ತು ಅಯಸ್ಕಾಂತದ ಪ್ರಭಾವವು ರಾತ್ರಿಯೆಲ್ಲಾ ಮಲಗಿದವರ ಮೈಗೆ ತಾಗಿ ನಿದ್ರೆಯನ್ನು ಕೆಡಿಸುವುದೆಂದೂ, ತಲೆನೋವನ್ನು ತರುವುದೆಂದೂ, ಮಕ್ಕಳಿಗೆ ಕಠಿನವಾದ ವ್ಯಾಧಿಗಳನ್ನು ಉಂಟುಮಾಡುವುದೆಂದೂ ಹೇಳುವವರುಂಟು. ಇದಕ್ಕೆ ಪರಿಹಾರವಾಗಿ, ಮಲಗುವ ಮನೆಯ ತಂತಿಗಳಿಗೆ ಬರುವ ವಿದ್ಯುತ್ತನ್ನು ರಾತ್ರಿವೇಳೆ ಬುಡದಲ್ಲಿಯೇ ಕಡಿದುಬಿಡುವ ಸ್ವಿಚ್ಚುಗಳನ್ನು ಮಾರುವವರೂ ಉಂಟು. ಹಣವನ್ನು ಕೊಟ್ಟು ಇಂಥದೊಂದನ್ನು ಕೂರಿಸುವುದಕ್ಕೆ ಮುಂಚೆ ಅದು ಯಾವುದನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ, ಅದೇ ಹಣದಿಂದ ಇನ್ನೂ ಅಗತ್ಯವಾದ ಬೇರೊಂದು ಸಾಧನವನ್ನು ಕೊಳ್ಳಬಹುದೇ ಎಂಬುದನ್ನು ವಿಚಾರಮಾಡುವುದು ಯುಕ್ತವು.

ವಿದ್ಯುತ್ತಿನ ತಂತಿಯ ಸುತ್ತಲೂ ಎರಡು ಬಗೆಯ ಕ್ಷೇತ್ರಗಳಿರುವುವು. ಇವುಗಳ ಭೇದವನ್ನು ಕೆರೆಯ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಕೆರೆ ತುಂಬಿರುವಾಗ ತೂಬನ್ನು ಮುಚ್ಚಿದ್ದರೂ ನೀರಿನ ಒತ್ತಡವು ಏರಿಯ ಮೇಲೆ ಇದ್ದೇ ಇರುವುದು. ತೂಬನ್ನು ತೆಗೆದಾಗ ಮಾತ್ರ ಕಾಲುವೆಯಲ್ಲಿ ಹರಿವು ಹುಟ್ಟುವುದು. ತಂತಿಯಲ್ಲಿಯೂ ಹಾಗೆಯೇ. ನಮ್ಮ ಮನೆಗಳಿಗೆ ಬರುವ ೨೩೦ ವೋಲ್ಟಿನ ಒತ್ತಡವು ದೀಪವನ್ನು ಆರಿಸಿದ ಮೇಲೂ ಸ್ವಿಚ್ಚಿನವರೆಗಿನ ತಂತಿಯಲ್ಲಿ ನಿಂತಿರುವುದು. ಈ ಒತ್ತಡದಿಂದ ಆಗುವುದು ವಿದ್ಯುತ್ಕ್ಷೇತ್ರ. ದೀಪವನ್ನೋ ಫ್ಯಾನನ್ನೋ ಹಾಕಿದಾಗ ತಂತಿಯಲ್ಲಿ ಪ್ರವಾಹವು ಹರಿಯುವುದು. ಆ ಹರಿವಿನಿಂದ ಆಗುವುದು ಕಾಂತಕ್ಷೇತ್ರ. ಹರಿವು ನಿಂತರೆ ಕಾಂತಕ್ಷೇತ್ರವೂ ಆ ಕ್ಷಣವೇ ನಿಲ್ಲುವುದು. ಇವೆರಡೂ ಸೆಕೆಂಡಿಗೆ ೫೦ ಸಾರಿ ಏರಿಳಿಯುತ್ತಿರುವುವು. ಮೊದಲನೆಯದನ್ನು ಮೀಟರಿಗೆ ಇಷ್ಟು ವೋಲ್ಟು ಎಂದು ಅಳೆಯುವರು. ಎರಡನೆಯದನ್ನು ಮೈಕ್ರೋಟೆಸ್ಲಾ ಎಂಬ ಮಾನದಿಂದ ಅಳೆಯುವರು.

ಇವುಗಳ ಸ್ವಭಾವವೂ ಬೇರೆ ಬೇರೆ. ವಿದ್ಯುತ್ಕ್ಷೇತ್ರವನ್ನು ಗೋಡೆ, ಮರ, ಭೂಮಿಗೆ ಸೇರಿಸಿದ ಲೋಹದ ತಗಡು ಇವು ಬಹುಮಟ್ಟಿಗೆ ತಡೆದುಬಿಡುವುವು. ಕಾಂತಕ್ಷೇತ್ರವಾದರೋ ಮಣ್ಣಿನ ಗೋಡೆಯನ್ನೂ ಇಟ್ಟಿಗೆಯ ಗೋಡೆಯನ್ನೂ ಲೆಕ್ಕಿಸದೆ ಹಾದುಹೋಗುವುದು. ಆದರೆ ಎರಡೂ ದೂರ ಹೋದಂತೆ ಬೇಗನೆ ಕ್ಷೀಣಿಸುವುವು. ಇಸ್ತ್ರಿಪೆಟ್ಟಿಗೆಯಿಂದಾಗಲಿ ರೆಫ್ರಿಜರೇಟರಿನಿಂದಾಗಲಿ ೩೦ ಸೆಂಟಿಮೀಟರು ದೂರದಲ್ಲಿ ಮೀಟರಿಗೆ ಸುಮಾರು ೧೨೦ ವೋಲ್ಟಿನ ಕ್ಷೇತ್ರ ಕಾಣುವುದುಂಟು; ಒಂದು ಮಾರು ಹಿಂದಕ್ಕೆ ಸರಿದರೆ ಅದು ಅಲ್ಪವಾಗುವುದು.

ಮಲಗುವ ಮನೆಯಲ್ಲಿ ಎಲ್ಲವನ್ನೂ ಆರಿಸಿ ಮಲಗಿದಾಗ ಆ ಕೋಣೆಯ ತಂತಿಗಳಲ್ಲಿ ಹರಿವಿಲ್ಲ. ಆದಕಾರಣ ಅವುಗಳ ಕಾಂತಕ್ಷೇತ್ರವೂ ಇಲ್ಲ. ಉಳಿದಿರುವುದು ಒತ್ತಡದಿಂದಾದ ವಿದ್ಯುತ್ಕ್ಷೇತ್ರ ಮಾತ್ರ. ಕಡಿಯುವ ಸ್ವಿಚ್ಚು ತೆಗೆದುಹಾಕುವುದು ಇದೊಂದನ್ನೇ. ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಂಡು ಮುಂದಿನ ಸಂಗತಿಗಳನ್ನು ಓದತಕ್ಕದ್ದು.

ಆರೋಗ್ಯದ ವಿಷಯದಲ್ಲಿ ವಿದ್ವಾಂಸರು ಏನು ಕಂಡಿರುವರು? ಅಮೆರಿಕಾ ದೇಶದ ಡೆನ್ವರ್ ಪಟ್ಟಣದಲ್ಲಿ ನ್ಯಾನ್ಸಿ ವರ್ಥೈಮರ್ ಮತ್ತು ಎಡ್ ಲೀಪರ್ ಎಂಬವರು ೧೯೭೯ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಹೆಚ್ಚು ಪ್ರವಾಹವನ್ನು ಒಯ್ಯುವ ಬೀದಿತಂತಿಗಳ ಸಮೀಪದ ಮನೆಗಳಲ್ಲಿ ಮಕ್ಕಳ ಕ್ಯಾನ್ಸರು, ಅದರಲ್ಲಿಯೂ ರಕ್ತದ ಕ್ಯಾನ್ಸರು, ಹೆಚ್ಚಾಗಿ ಕಾಣುವುದೆಂಬುದು ಅದರ ತಾತ್ಪರ್ಯ. ಅಲ್ಲಿಂದ ಈ ವಿಚಾರಕ್ಕೆ ಮೊದಲಾಯಿತೆನ್ನಬಹುದು. ಅನೇಕ ದೇಶಗಳ ಇಂಥ ಪರಿಶೋಧನೆಗಳನ್ನು ಒಟ್ಟುಗೂಡಿಸಿ ೨೦೦೦ದಲ್ಲಿ ಎರಡು ತಂಡಗಳವರು ಲೆಕ್ಕಹಾಕಿದರು. ಸರಾಸರಿ ಕಾಂತಕ್ಷೇತ್ರವು ೦.೩ ಅಥವಾ ೦.೪ ಮೈಕ್ರೋಟೆಸ್ಲಾಕ್ಕೆ ಮೇಲ್ಪಟ್ಟ ಮನೆಗಳಲ್ಲಿ ಈ ವ್ಯಾಧಿಯು ಸುಮಾರು ಇಮ್ಮಡಿಯಾಗಿ ಕಂಡಿತು. ಅಂಥ ಮನೆಗಳು ಮಾತ್ರ ಬಹಳ ವಿರಳ; ವ್ಯಾಧಿಯೂ ವಿರಳವಾದದ್ದೇ. ಪ್ರಪಂಚದ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರು ಸಂಶೋಧನಾಲಯವು ೨೦೦೨ರಲ್ಲಿ ಈ ಕಾಂತಕ್ಷೇತ್ರವನ್ನು ಕ್ಯಾನ್ಸರಿಗೆ ಕಾರಣವಾಗಿದ್ದರೂ ಇರಬಹುದಾದ ವಸ್ತುಗಳ ಪಟ್ಟಿಗೆ, ಎಂದರೆ ಅದರ ‘೨ ಬಿ’ ಎಂಬ ವರ್ಗಕ್ಕೆ ಸೇರಿಸಿತು. ವಿದ್ಯುತ್ಕ್ಷೇತ್ರವನ್ನಾದರೋ ಹಾಗೆ ಎಣಿಸಲು ಸಾಕಾದಷ್ಟು ಪ್ರಮಾಣವಿಲ್ಲವೆಂದು ಮೂರನೆಯ ವರ್ಗದಲ್ಲಿಟ್ಟಿತು. ೨೦೦೭ರಲ್ಲಿ ಆರೋಗ್ಯ ಸಂಸ್ಥೆಯು ಮತ್ತೆ ಎಲ್ಲವನ್ನೂ ಪರಿಶೀಲಿಸಿ, ಕಾಂತಕ್ಷೇತ್ರವೇ ಕಾರಣವೆಂದು ಹೇಳುವಷ್ಟು ಬಲವಾದ ಸಾಕ್ಷ್ಯವಿಲ್ಲವೆಂದೂ, ಸಾಮಾನ್ಯ ಜನರು ಎದುರಿಸುವ ಮಟ್ಟದ ವಿದ್ಯುತ್ಕ್ಷೇತ್ರದಿಂದ ಗಣನೀಯವಾದ ಆರೋಗ್ಯಪ್ರಶ್ನೆ ಏಳುವುದಿಲ್ಲವೆಂದೂ, ಆದರೂ ಬಹಳ ಅಲ್ಪವೆಚ್ಚದಲ್ಲಿ ಕ್ಷೇತ್ರವನ್ನು ತಗ್ಗಿಸಲು ಆಗುವುದಾದರೆ ಅದನ್ನು ಮಾಡುವುದು ನ್ಯಾಯವೆಂದೂ ಅಭಿಪ್ರಾಯಪಟ್ಟಿತು.

ಇದರಿಂದ ಒಂದು ವಿಚಿತ್ರವಾದ ಸಂಗತಿ ಹೊರಪಡುವುದು. ಸಂದೇಹವು ಇರುವುದು ಕಾಂತಕ್ಷೇತ್ರದ ಮೇಲೆ. ಸ್ವಿಚ್ಚು ಕಡಿಯುವುದು ವಿದ್ಯುತ್ಕ್ಷೇತ್ರವನ್ನು. ಕಳ್ಳನು ಹಿತ್ತಿಲ ಬಾಗಿಲಿನಿಂದ ಬರಬಹುದೆಂದು ಕೇಳಿ ಮುಂಬಾಗಿಲಿಗೆ ಎರಡನೆಯ ಬೀಗವನ್ನು ಹಾಕಿದ ಹಾಗಾಯಿತು.

ವಿದ್ಯುತ್ತಿನಿಂದ ತಮಗೆ ತಲೆನೋವೂ ನಿದ್ರಾಭಂಗವೂ ಆಗುವುದೆಂದು ಹೇಳುವವರ ವಿಷಯವನ್ನೂ ಇಲ್ಲಿ ಹೇಳಬೇಕು. ಅವರ ಬಾಧೆ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಕ್ಷೇತ್ರವು ಇದೆಯೋ ಇಲ್ಲವೋ ಎಂಬುದು ಪರೀಕ್ಷಿಸುವವನಿಗೂ ಪರೀಕ್ಷೆಗೆ ಒಳಗಾದವನಿಗೂ ತಿಳಿಯದಂತೆ ನಡಸಿದ ಪರೀಕ್ಷೆಗಳಲ್ಲಿ ಇಂಥವರು ಅದನ್ನು ಇತರರಿಗಿಂತ ಚೆನ್ನಾಗಿ ಗುರುತಿಸಲಾರದೆ ಹೋದರು. ಬಾಧೆಗೂ ಕ್ಷೇತ್ರಕ್ಕೂ ಸಂಬಂಧವನ್ನು ತೋರಿಸುವ ಶಾಸ್ತ್ರೀಯವಾದ ಆಧಾರವಿಲ್ಲವೆಂದು ಆರೋಗ್ಯ ಸಂಸ್ಥೆಯು ೨೦೦೫ರಲ್ಲಿ ಪ್ರಕಟಿಸಿತು. ನಿದ್ರೆ ಬಾರದವರು ಸ್ವಿಚ್ಚಿನ ಅಂಗಡಿಗೆ ಹೋಗುವುದಕ್ಕೆ ಮೊದಲು ವೈದ್ಯರಲ್ಲಿಗೆ ಹೋಗುವುದು ಮೇಲು.

ಈ ಸ್ವಿಚ್ಚಿನ ಹುಟ್ಟೂರು ಜರ್ಮನ್ ಭಾಷೆಯ ದೇಶಗಳು. ಅಲ್ಲಿ ಇದಕ್ಕೆ ನೆಟ್ಸ್‌ಫ್ರೈಶಾಲ್ಟರ್ ಎಂದು ಹೆಸರು. ವಿದ್ಯುತ್ತಿನ ಜಾಲದಿಂದ ಬಿಡಿಸುವ ಸ್ವಿಚ್ಚೆಂದು ಇದರ ಅರ್ಥ. ಮನೆಯ ಕಟ್ಟಡವೂ ಆರೋಗ್ಯವೂ ಹೊಂದಿಕೊಂಡಿರಬೇಕೆಂದು ಬೋಧಿಸುವ ಕಟ್ಟಡಜೀವಶಾಸ್ತ್ರವೆಂಬ ಪಂಥದವರು ಇದನ್ನು ಪ್ರಚಾರಕ್ಕೆ ತಂದಿರುವರು. ಮಲಗುವ ಸ್ಥಳದಲ್ಲಿ ವಿದ್ಯುತ್ಕ್ಷೇತ್ರವು ಮೀಟರಿಗೆ ೧ ವೋಲ್ಟಿಗೂ ಕಡಿಮೆಯಿರುವುದು ಲೇಸೆಂದು ಅವರ ಮತ. ಸರ್ಕಾರಗಳು ಸಾಧಾರಣವಾಗಿ ಅನುಸರಿಸುವ ಅಂತರರಾಷ್ಟ್ರೀಯ ಮಂಡಳಿಯೊಂದು ೨೦೧೦ರಲ್ಲಿ ಜನಸಾಮಾನ್ಯರಿಗಾಗಿ ಗೊತ್ತುಮಾಡಿದ ಮಿತಿಯಾದರೋ ಮೀಟರಿಗೆ ೫೦೦೦ ವೋಲ್ಟು. ಕಾಂತಕ್ಷೇತ್ರಕ್ಕೆ ೨೦೦ ಮೈಕ್ರೋಟೆಸ್ಲಾ. ಮೊದಲನೆಯದು ಒಂದು ಪಂಥದ ಸಲಹೆ, ಎರಡನೆಯದು ದೇಹದಲ್ಲಿ ನರಗಳು ಕೆರಳುವ ಮಟ್ಟವನ್ನು ಪರಿಶೋಧಿಸಿ, ಅದಕ್ಕಿಂತ ಬಹಳ ಕೆಳಗೆ ಹಾಕಿದ ಮಿತಿ. ಒಂದಕ್ಕೂ ಐದು ಸಾವಿರಕ್ಕೂ ಇರುವ ಅಂತರವನ್ನು ಕೊಳ್ಳುವವನೇ ನೋಡಿಕೊಳ್ಳಲಿ.

ಅದು ಕೆಲಸಮಾಡುವ ಕ್ರಮವು ಜಾಣತನದ್ದೇ. ಮೀಟರಿನ ಬಳಿಯ ಬೋರ್ಡಿನಲ್ಲಿ, ಮಲಗುವ ಮನೆಗೆ ಹೋಗುವ ಎಂ.ಸಿ.ಬಿ.ಯ ಮುಂದೆ ಇದನ್ನು ಕೂರಿಸುವರು. ಆ ಕೋಣೆಯ ಕೊನೆಯ ದೀಪವನ್ನು ಆರಿಸಿದೊಡನೆ ಪ್ರವಾಹವು ನಿಂತಿತೆಂಬುದನ್ನು ತಿಳಿದು ಅದು ತಾನಾಗಿಯೇ ೨೩೦ ವೋಲ್ಟನ್ನು ಕಡಿದುಹಾಕಿ, ಅದಕ್ಕೆ ಬದಲಾಗಿ ಕೆಲವೇ ವೋಲ್ಟುಗಳ, ಏರಿಳಿತವಿಲ್ಲದ ಡಿ.ಸಿ. ಒತ್ತಡವನ್ನು ಕಾವಲಿಗೆ ನಿಲ್ಲಿಸುವುದು. ರಾತ್ರಿಯಲ್ಲಿ ಯಾರಾದರೂ ಎದ್ದು ದೀಪದ ಸ್ವಿಚ್ಚನ್ನು ಒತ್ತಿದರೆ ಆ ಕಾವಲಿನ ವಿದ್ಯುತ್ತು ಸ್ವಲ್ಪ ಹರಿಯುವುದು; ಹರಿದೊಡನೆ ಯಂತ್ರವು ಎಚ್ಚೆತ್ತು ೨೩೦ ವೋಲ್ಟನ್ನು ಮತ್ತೆ ಬಿಡುವುದು.

ಈ ಕ್ರಮದಲ್ಲಿಯೇ ಇದರ ಕುಂದೂ ಅಡಗಿರುವುದು. ಆ ಕೋಣೆಯಲ್ಲಿ ಯಾವ ಒಂದು ಸಾಮಾನಾದರೂ ಅಲ್ಪಸ್ವಲ್ಪ ವಿದ್ಯುತ್ತನ್ನು ಸೆಳೆಯುತ್ತಿದ್ದರೆ ಸ್ವಿಚ್ಚು ಕಡಿಯುವುದೇ ಇಲ್ಲ. ಜರ್ಮನಿಯ ಚಳಿಯ ನಾಡಿನಲ್ಲಿ ಮಲಗುವ ಮನೆಯನ್ನು ಕತ್ತಲೆಮಾಡಿ ಮಲಗುವರು, ಸರಿಹೋಯಿತು. ನಮ್ಮಲ್ಲಿ ಫಾಲ್ಗುಣ ಕಳೆದ ಮೇಲೆ ಬಳ್ಳಾರಿ ರಾಯಚೂರುಗಳ ಸೀಮೆಯಲ್ಲಿ ಫ್ಯಾನಿಲ್ಲದೆ ಮಲಗುವವರು ಯಾರು? ಮಳೆಗಾಲದಲ್ಲಿ ಸೊಳ್ಳೆಯ ಔಷಧವನ್ನು ಕಾಯಿಸುವ ಪುಟ್ಟ ಯಂತ್ರವು ಗೋಡೆಯ ಪ್ಲಗ್ಗಿನಲ್ಲಿ ರಾತ್ರಿಯೆಲ್ಲಾ ಉರಿಯುವುದು. ಮೊಬೈಲು ಫೋನಿನ ಚಾರ್ಜರು, ಟೆಲಿವಿಷನ್ನಿನ ಕೆಂಪುದೀಪ, ಸ್ವಿಚ್ ಬೋರ್ಡಿನ ಸೂಚಕದೀಪ ಇವೂ ಅಲ್ಲಿಯೇ. ಇಂಥ ಕೋಣೆಯಲ್ಲಿ ಬೆಲೆಬಾಳುವ ಸ್ವಿಚ್ಚು ವರ್ಷದ ಬಹುಪಾಲು ಕಣ್ಣುಬಿಟ್ಟುಕೊಂಡು ಸುಮ್ಮನೆ ಕುಳಿತಿರುವುದು. ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಕಾವಲಿನ ಅಲ್ಪ ಒತ್ತಡಕ್ಕೆ ಕೆಲವು ಎಲೆಕ್ಟ್ರಾನಿಕ್ ಸಾಮಾನುಗಳೂ ಸ್ಟಾರ್ಟರುಳ್ಳ ಟ್ಯೂಬುಲೈಟುಗಳೂ ಪ್ರವಾಹವನ್ನು ಬಿಡುವುದಿಲ್ಲ. ಆಗ ಸ್ವಿಚ್ಚೊತ್ತಿದರೂ ದೀಪ ಹತ್ತುವುದಿಲ್ಲ. ಇದನ್ನು ಸರಿಪಡಿಸಲು ಒಂದು ರೋಧಕವನ್ನು ಬೇರೆಯಾಗಿ ಜೋಡಿಸಬೇಕಾಗುವುದು.

ಮತ್ತೊಂದು ಸಂಗತಿಯುಂಟು. ಮಲಗುವ ಮನೆಯ ಗೋಡೆಯಲ್ಲಿ ಓಡುವ ತಂತಿಗಳೆಲ್ಲವೂ ಆ ಕೋಣೆಯವೇ ಎಂದು ತಿಳಿಯಲಾಗದು. ಗೋಡೆಯ ಆ ಕಡೆಯ ಅಡಿಗೆಮನೆಯ ತಂತಿ, ಮೇಲಂತಸ್ತಿನ ತಂತಿ ಹತ್ತಿರದಲ್ಲಿಯೇ ಇರಬಹುದು. ಇವು ಎಂದಿನಂತೆಯೇ ಜೀವಂತವಾಗಿರುವುವು. ಮೂರು ಫೇಸುಗಳುಳ್ಳ ಮನೆಗಳಲ್ಲಿ ಒಂದು ಫೇಸಿನ ಕ್ಷೇತ್ರವು ಇನ್ನೊಂದರದನ್ನು ಕೊಂಚ ಅಳಿಸುತ್ತಿರುವುದರಿಂದ, ಒಂದನ್ನು ಮಾತ್ರ ಕಡಿದಾಗ ಹಾಸಿಗೆಯ ಬಳಿ ಕ್ಷೇತ್ರವು ತಗ್ಗುವುದಕ್ಕೆ ಬದಲಾಗಿ ಏರಿದ್ದೂ ಉಂಟು. ಆದುದರಿಂದ ಇದನ್ನು ಕೊಳ್ಳಲೇಬೇಕೆಂದು ಮನಸ್ಸು ಮಾಡಿದವರು, ಒಂದು ಸಂಜೆ ಬೋರ್ಡಿನ ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಕೈಯಿಂದ ಆರಿಸುತ್ತಾ ಹಾಸಿಗೆಯ ಸ್ಥಳದಲ್ಲಿ ಅಳತೆಯ ಯಂತ್ರವನ್ನಿಟ್ಟು, ಯಾವುದನ್ನು ಆರಿಸಿದರೆ ಏನಾಗುವುದೆಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಹಣವನ್ನು ಬಿಚ್ಚತಕ್ಕದ್ದು. ಅಳೆಯದೆ ಮಾರಲು ಬಂದವನಿಂದ ಕೊಳ್ಳಕೂಡದು. ಮೊಬೈಲು ಫೋನಿನ ಅಲೆಗಳು ಬೇರೆ ಜಾತಿಯವು. ಬ್ಯಾಟರಿಯಿಂದ ನಡೆಯುವ ಆ ಯಂತ್ರಕ್ಕೂ ಈ ಸ್ವಿಚ್ಚಿಗೂ ಸಂಬಂಧವೇ ಇಲ್ಲ.

ಇಷ್ಟು ಹೇಳಿದ ಮೇಲೆ, ಮನೆಯ ವಿದ್ಯುತ್ತಿನಿಂದ ನಿಶ್ಚಯವಾಗಿಯೂ ಇರುವ ಅಪಾಯದ ಮಾತಿಗೆ ಬರಬೇಕು. ಅದು ಕ್ಷೇತ್ರವಲ್ಲ, ಮುಟ್ಟಿದರೆ ಹೊಡೆಯುವ ವಿದ್ಯುತ್ತು. ಮೈಯಲ್ಲಿ ಸುಮಾರು ೧೦ ಮಿಲಿಆಂಪಿಯರ್ ಹರಿದರೆ ಕೈಯ ಮಾಂಸಖಂಡಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಅದರ ಕೆಲವು ಮಡಿ ಹರಿದು ಎದೆಯ ಮೂಲಕ ಹಾದರೆ ಹೃದಯದ ಬಡಿತವು ತಾಳತಪ್ಪಿ ಪ್ರಾಣವೇ ಹೋಗುವುದು. ೯ ವಾಟಿನ ಒಂದು ಎಲ್.ಇ.ಡಿ. ಬಲ್ಬು ಸೆಳೆಯುವುದು ೪೦ ಮಿಲಿಆಂಪಿಯರಿಗೆ ಕಡಿಮೆಯಿಲ್ಲ. ಎಂದರೆ ಒಂದು ಪುಟ್ಟ ದೀಪವನ್ನು ಬೆಳಗಿಸುವಷ್ಟು ವಿದ್ಯುತ್ತು ಒಬ್ಬ ಮನುಷ್ಯನ ದೀಪವನ್ನು ಆರಿಸಲು ಸಾಕು. ಮನೆಯಲ್ಲಿ ಎಂ.ಸಿ.ಬಿ. ಇದೆ, ಫ್ಯೂಸು ಇದೆ ಎಂದು ಧೈರ್ಯದಿಂದಿರುವವರು ಇದನ್ನು ಗಮನಿಸಬೇಕು. ೬ ಆಂಪಿಯರಿನ ಎಂ.ಸಿ.ಬಿ.ಯು ೬ ಆಂಪಿಯರಿಗೆ ಮೇಲ್ಪಟ್ಟ ಪ್ರವಾಹಕ್ಕೆ ಮಾತ್ರ ಮಣಿಯುವುದು. ಅದು ೩೦ ಮಿಲಿಆಂಪಿಯರಿನ ಇನ್ನೂರು ಮಡಿ. ತಂತಿ ಸುಡದಂತೆ ಕಾಪಾಡುವುದು ಅದರ ಕೆಲಸ, ಮನುಷ್ಯನನ್ನು ಕಾಪಾಡುವುದಲ್ಲ.

ಮನುಷ್ಯನನ್ನು ಕಾಪಾಡುವ ಸ್ವಿಚ್ಚು ಆರ್.ಸಿ.ಸಿ.ಬಿ. ಎಂಬುದು. ಇದರಲ್ಲಿ ಫೇಸು ತಂತಿಯೂ ನ್ಯೂಟ್ರಲ್ ತಂತಿಯೂ ಒಂದು ಬಳೆಯ ನಡುವೆ ಹಾದುಹೋಗುವುವು. ಹೋದಷ್ಟು ಪ್ರವಾಹವೂ ಹಿಂದಿರುಗಿದರೆ ಬಳೆಯು ಸುಮ್ಮನಿರುವುದು. ಕಾಲುವೆಯಲ್ಲಿ ಬಿಟ್ಟ ನೀರೆಲ್ಲಾ ಕೊನೆಗೆ ಮುಟ್ಟದಿದ್ದರೆ ನಡುವೆ ಎಲ್ಲಿಯೋ ಬಿಲ ಬಿದ್ದಿದೆಯೆಂದು ನೀರುಗಂಟಿಗೆ ತಿಳಿಯುವಂತೆ, ಹೋದದ್ದಕ್ಕೂ ಬಂದದ್ದಕ್ಕೂ ೩೦ ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಪ್ರವಾಹವು ಯಾರದೋ ಮೈಯಿಂದಲೋ ಹಸಿಗೋಡೆಯಿಂದಲೋ ಭೂಮಿಗೆ ಸೋರುತ್ತಿದೆಯೆಂದು ತಿಳಿದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎರಡು ತಂತಿಗಳನ್ನೂ ಕಡಿದುಹಾಕುವುದು. ಕೊಳ್ಳುವಾಗ ೩೦ ಮಿಲಿಆಂಪಿಯರಿನದನ್ನೇ ಕೇಳಬೇಕು. ೧೦೦ರದೂ ೩೦೦ರದೂ ಬೆಂಕಿಯ ಭಯಕ್ಕೆ ಏರ್ಪಟ್ಟವು, ಪ್ರಾಣರಕ್ಷಣೆಗೆ ಸಾಲವು. ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲನ್ನೂ ಹಿಡಿದವನನ್ನು ಇದೂ ಕಾಪಾಡಲಾರದು. ಅವನನ್ನು ಇದು ಉರಿಯುವ ಬಲ್ಬೆಂದೇ ಎಣಿಸುವುದು. ಇದು ಎಂ.ಸಿ.ಬಿ.ಗೆ ಬದಲಲ್ಲ, ಅದರ ಜೊತೆಗಾರ. ಮುಖದ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಬೀಳುವುದೋ ಇಲ್ಲವೋ ನೋಡಬೇಕು. ಅಮಾವಾಸ್ಯೆಯ ದಿನವೋ ಸಂಬಳದ ದಿನವೋ, ಮರೆಯದ ಒಂದು ದಿನವನ್ನು ಇಟ್ಟುಕೊಂಡರಾಯಿತು.

ಈ ಆರ್.ಸಿ.ಸಿ.ಬಿ.ಯು ಕ್ಷೇತ್ರದ ವಿಷಯದಲ್ಲಿಯೂ ಉಪಕಾರಿಯೆಂಬುದು ಬಹಳ ಮಂದಿಗೆ ತಿಳಿಯದು. ಫೇಸೂ ನ್ಯೂಟ್ರಲೂ ಒಂದೇ ಕೊಳವೆಯಲ್ಲಿ ಜೊತೆಯಾಗಿ ಹೋದರೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸಿಬಿಡುವುದು. ನ್ಯೂಟ್ರಲ್ ಕೆಟ್ಟಿತೆಂದು ಭೂಮಿಯ ತಂತಿಯನ್ನೇ ನ್ಯೂಟ್ರಲಾಗಿ ಉಪಯೋಗಿಸುವ ಕೆಟ್ಟ ರೂಢಿಯು ಹಳ್ಳಿಗಳಲ್ಲಿ ಅಲ್ಲಲ್ಲಿ ಉಂಟು. ಆಗ ಪ್ರವಾಹವು ಒಂದು ದಾರಿಯಿಂದ ಹೋಗಿ ಇನ್ನೊಂದು ದಾರಿಯಿಂದ ಹಿಂದಿರುಗುವುದು, ಅಳಿಸುವ ಜೊತೆಗಾರನಿಲ್ಲ. ಒಂಟಿ ತಂತಿಯಲ್ಲಿ ೨ ಆಂಪಿಯರ್ ಹರಿದರೆ ಒಂದು ಮೀಟರು ದೂರದಲ್ಲಿ ಆಗುವ ಕಾಂತಕ್ಷೇತ್ರವು ೦.೪ ಮೈಕ್ರೋಟೆಸ್ಲಾ. ಮೇಲೆ ಹೇಳಿದ ಸಂದೇಹದ ಮಟ್ಟವು ಇದೇ. ಆರ್.ಸಿ.ಸಿ.ಬಿ. ಇರುವ ಮನೆಯಲ್ಲಿ ಇಂಥ ಕಳ್ಳದಾರಿಗೆ ಆಸ್ಪದವಿಲ್ಲ. ಅದು ಬಿಡುವ ವ್ಯತ್ಯಾಸವು ೩೦ ಮಿಲಿಆಂಪಿಯರಿನ ಒಳಗೇ ಇರುವುದರಿಂದ ಆ ಲೆಕ್ಕದಲ್ಲಿ ಒಂದು ಮೀಟರಿನಲ್ಲಿ ೦.೦೦೬ ಮೈಕ್ರೋಟೆಸ್ಲಾವನ್ನು ಮೀರದು. ಕಾಂತಕ್ಷೇತ್ರಕ್ಕೆ ಹೆದರುವವನು ಕೊಳ್ಳಬೇಕಾದ ಸ್ವಿಚ್ಚು ಇದಲ್ಲದೆ ಮತ್ತಾವುದು? ಭೂಮಿಯನ್ನು ನ್ಯೂಟ್ರಲಾಗಿ ಮಾಡಿಕೊಂಡಿರುವ ಮನೆಯಲ್ಲಿ ಇದನ್ನು ಕೂರಿಸಿದೊಡನೆ ಬೀಳತೊಡಗುವುದು. ಸ್ವಿಚ್ಚು ಕೆಟ್ಟದ್ದೆಂದು ಅದನ್ನು ತೆಗೆಸಿಹಾಕುವರು. ಕೆಟ್ಟಿರುವುದು ಮನೆಯ ತಂತಿಯೇ ಹೊರತು ಸ್ವಿಚ್ಚಲ್ಲ.

ಇದಾದ ಮೇಲೂ ರಾತ್ರಿವೇಳೆ ಮಲಗುವ ಮನೆಯ ತಂತಿಯಲ್ಲಿ ಒತ್ತಡವಿರಬಾರದೆಂದು ಇಷ್ಟಪಡುವವರಿಗೆ ನಮ್ಮ ಸಲಹೆಯೆಂದರೆ, ತಾನಾಗಿ ಕಡಿಯುವ ಯಂತ್ರಕ್ಕಿಂತ ಕೈಯಿಂದ ತಿರುಗಿಸುವ ಎರಡು ಪೋಲಿನ ಐಸೊಲೇಟರೇ ನಮ್ಮ ಮನೆಗಳಿಗೆ ಒಪ್ಪುವುದು. ಎರಡು ಪೋಲು ಏಕೆ ಬೇಕೆಂಬುದಕ್ಕೆ ಕಾರಣವುಂಟು. ಸ್ವಿಚ್ಚು ಯಾವಾಗಲೂ ಫೇಸಿನ ಮೇಲೆ ಇರಬೇಕೆಂಬುದು ನಿಯಮ. ಆದರೆ ಅವಸರದ ವೈರಿಂಗಿನಲ್ಲಿ ಅದು ನ್ಯೂಟ್ರಲಿನ ಮೇಲೆ ಬಿದ್ದಿರುವ ಮನೆಗಳು ಕಡಿಮೆಯಲ್ಲ. ಅಂಥಲ್ಲಿ ದೀಪ ಆರಿದರೂ ಬಲ್ಬಿನ ಹೋಲ್ಡರಿನವರೆಗೆ ೨೩೦ ವೋಲ್ಟು ನಿಂತೇ ಇರುವುದು. ಬಲ್ಬನ್ನು ಬದಲಿಸಲು ಹೋದವನಿಗೆ ಅಪಾಯ, ಕ್ಷೇತ್ರವೂ ಹೆಚ್ಚು. ಸ್ವಿಚ್ಚನ್ನು ಆರಿಸಿದ ಮೇಲೆಯೂ ಎಲ್.ಇ.ಡಿ. ಬಲ್ಬು ಮಂಕಾಗಿ ಮಿನುಗುತ್ತಿದ್ದರೆ ಈ ದೋಷವಿರಬಹುದೆಂದು ಶಂಕಿಸಿ ಪರೀಕ್ಷೆಮಾಡಿಸತಕ್ಕದ್ದು. ಸ್ವಿಚ್ಚಿನ ಸೂಚಕದೀಪದಿಂದಲೂ ಹಾಗಾಗುವುದುಂಟು. ಎರಡು ಪೋಲಿನ ಐಸೊಲೇಟರಾದರೋ ಎರಡು ತಂತಿಗಳನ್ನೂ ಒಟ್ಟಿಗೆ ಕಡಿಯುವುದರಿಂದ ತಂತಿ ಅದಲುಬದಲಾಗಿದ್ದರೂ ಚಿಂತೆಯಿಲ್ಲ. ನ್ಯೂಟ್ರಲೊಂದನ್ನೇ ಕಡಿಯುವ ಸ್ವಿಚ್ಚನ್ನಾಗಲಿ ಫ್ಯೂಸನ್ನಾಗಲಿ ಎಂದಿಗೂ ಹಾಕಕೂಡದು.

ಐಸೊಲೇಟರಿನ ಆಂಪಿಯರು ಅದರ ಹಿಂದಿನ ಎಂ.ಸಿ.ಬಿ.ಯದಕ್ಕಿಂತ ಕಡಿಮೆಯಿರಬಾರದು. ಐ.ಎಸ್.ಐ. ಗುರುತನ್ನೂ ಅದರ ಜೊತೆಗೆ ಮುದ್ರಿಸಿರುವ ಮಾನಕದ ಸಂಖ್ಯೆಯನ್ನೂ ನೋಡಿ ಕೊಳ್ಳಬೇಕು. ಆರ್.ಸಿ.ಸಿ.ಬಿ.ಗೆ ಐ.ಎಸ್. ೧೨೬೪೦, ಎಂ.ಸಿ.ಬಿ.ಗೆ ಐ.ಎಸ್./ಐ.ಇ.ಸಿ. ೬೦೮೯೮, ಐಸೊಲೇಟರಿಗೆ ಐ.ಎಸ್./ಐ.ಇ.ಸಿ. ೬೦೯೪೭ರ ೩ನೆಯ ಭಾಗ. ಗುರುತಿಲ್ಲದ ಅಗ್ಗದ ಮಾಲು ನೋಟಕ್ಕೆ ಒಂದೇ ಆಗಿರುವುದು. ಮನೆಯಲ್ಲಿ ಇನ್ವರ್ಟರಿದ್ದರೆ ಐಸೊಲೇಟರನ್ನು ಅದರ ಹಿಂದೆ ಹಾಕಿ ಪ್ರಯೋಜನವಿಲ್ಲ; ಬೀದಿಯ ವಿದ್ಯುತ್ತನ್ನು ಕಡಿದೊಡನೆ ಬ್ಯಾಟರಿಯಿಂದ ಅದೇ ೨೩೦ ವೋಲ್ಟು ಕೋಣೆಗೆ ಬರುವುದು. ಇನ್ವರ್ಟರಿನ ಮುಂದೆ, ಕೋಣೆಯ ಕಡೆಗೆ ಹಾಕಬೇಕು. ರೆಫ್ರಿಜರೇಟರು, ನೀರಿನ ಮೋಟಾರು, ಕಾಯಿಲೆಯವರಿಗೆ ಉಸಿರಾಟದ ಯಂತ್ರ ಇವು ಯಾವುವೂ ಈ ತಂತಿಗೆ ಸೇರಿರಬಾರದು. ಮನೆಯನ್ನು ಹೊಸದಾಗಿ ಕಟ್ಟುವವರು ಮಲಗುವ ಮನೆಗೆ ಬೇರೆಯ ತಂತಿಯನ್ನೇ ಎಳೆಸಿ, ಅದನ್ನು ಹಾಸಿಗೆಯ ತಲೆದೆಸೆಯ ಗೋಡೆಯಲ್ಲಿ ಹಾಯಿಸದೆ ಹೋದರೆ ಅರ್ಧ ಕೆಲಸ ಮುಗಿದಂತೆಯೇ. ಹಳೆಯ ಮನೆಯಲ್ಲಿ ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಯುವುದಕ್ಕೂ, ದಿಂಬಿನ ಕೆಳಗೆ ಓಡುವ ಎಕ್ಸ್‌ಟೆನ್ಷನ್ ತಂತಿಯನ್ನು ಪ್ಲಗ್ಗಿನಿಂದ ಕೀಳುವುದಕ್ಕೂ ಕಾಸು ಖರ್ಚಿಲ್ಲ. ಆರೋಗ್ಯ ಸಂಸ್ಥೆಯು ಹೇಳಿದ ಅಲ್ಪವೆಚ್ಚದ ಉಪಾಯವೆಂದರೆ ಇಂಥದ್ದೇ ಅಲ್ಲವೇ?

ಒಂದು ಎಚ್ಚರಿಕೆ. ಐಸೊಲೇಟರನ್ನು ಆರಿಸಿ ಮಲಗಿದ ಕೋಣೆಯಲ್ಲಿ ಸ್ವಿಚ್ಚನ್ನು ಒತ್ತಿದರೆ ದೀಪ ಬಾರದು. ಪಂಪುಸೆಟ್ಟಿಗೆ ವಿದ್ಯುತ್ತು ರಾತ್ರಿ ಎರಡು ಗಂಟೆಗೆ ಬಂದರೂ ಎದ್ದು ಹೋಗಬೇಕಾದ ನಮ್ಮ ರೈತರ ಮನೆಯಲ್ಲಿ, ಚೇಳೋ ಹಾವೋ ಹೊಸ್ತಿಲಲ್ಲಿ ಮಲಗಿರಬಹುದಾದ ಕಾಲದಲ್ಲಿ, ಬ್ಯಾಟರಿ ದೀಪವೊಂದು ಕೈಗೆ ನಿಲುಕುವಂತೆ ಇರದೆ ಈ ಏರ್ಪಾಡನ್ನು ಮಾಡಕೂಡದು. ಕಾಣದ ಕ್ಷೇತ್ರವನ್ನು ತಪ್ಪಿಸಿಕೊಳ್ಳಲು ಹೋಗಿ ಕಾಣುವ ಹಾವನ್ನು ತುಳಿಯುವುದು ವಿವೇಕವಲ್ಲ.

ಹೊಲದ ಮೇಲೆ ಹಾದುಹೋಗುವ ೨೨೦ ಮತ್ತು ೪೦೦ ಕಿಲೋವೋಲ್ಟಿನ ದೊಡ್ಡ ತಂತಿಗಳ ವಿಷಯವು ಬೇರೆ. ಅವುಗಳ ಕೆಳಗೆ ನಿಂತಲ್ಲಿ ವಿದ್ಯುತ್ಕ್ಷೇತ್ರವು ಮೀಟರಿಗೆ ಸಾವಿರಾರು ವೋಲ್ಟಿನಷ್ಟಿರುವುದು. ೫೦ರಿಂದ ೧೦೦ ಮೀಟರು ದೂರ ಸರಿದರೆ ಸಾಧಾರಣವಾದ ಮಟ್ಟಕ್ಕೆ ಇಳಿಯುವುದು. ಮನೆಯ ಸ್ವಿಚ್ಚುಗಳಾವುವೂ ಇದನ್ನು ಕಡಿಯಲಾರವು. ಇಂಥ ತಂತಿಯ ಕೆಳಗೆ ಉದ್ದಕ್ಕೂ ಎಳೆದ ಬೇಲಿಯ ತಂತಿಯಲ್ಲಿಯೂ ದ್ರಾಕ್ಷಿಯ ಚಪ್ಪರದ ಕಬ್ಬಿಣದ ತಂತಿಯಲ್ಲಿಯೂ ವಿದ್ಯುತ್ತು ಸೇರಿಕೊಂಡು, ಮುಟ್ಟಿದವರಿಗೆ ಝುಮ್ಮೆನ್ನುವುದುಂಟು. ಅವನ್ನು ಅಲ್ಲಲ್ಲಿ ಕಬ್ಬಿಣದ ಸಲಾಕಿಯಿಂದ ಭೂಮಿಗೆ ಸೇರಿಸಬೇಕು.

ಕೊನೆಗೆ ಕೊಟ್ಟಿಗೆಯ ಮಾತು. ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ಒದ್ದೆ ಮೂತಿಯಿಂದ ತೊಟ್ಟಿಯನ್ನು ಮುಟ್ಟುವ ಹಸುವಿನ ಮೈಯು ವಿದ್ಯುತ್ತಿಗೆ ಒಡ್ಡುವ ತಡೆ ಸುಮಾರು ೫೦೦ ಓಮು ಮಾತ್ರ. ಮನುಷ್ಯನದರ ಅರ್ಧದಷ್ಟೂ ಇರಲಾರದು. ಆದಕಾರಣ ನಮಗೆ ತಿಳಿಯದೆಯೇ ಹೋಗುವ ಎರಡು ಮೂರು ವೋಲ್ಟುಗಳು ಅದಕ್ಕೆ ತಿಳಿಯುವುವು. ಅಮೆರಿಕಾದ ವ್ಯವಸಾಯದ ಇಲಾಖೆಯು ೧೯೯೧ರಲ್ಲಿ ಇದನ್ನು ಕುರಿತು ಒಂದು ಕೈಪಿಡಿಯನ್ನೇ ಪ್ರಕಟಿಸಿತು. ನೀರಿನ ತೊಟ್ಟಿಯ ಬಳಿಗೆ ಬಂದು ಮೂತಿಯನ್ನು ಇಟ್ಟೊಡನೆ ಹಿಂದೆಗೆಯುವ, ನೀರನ್ನು ಹೀರದೆ ನೆಕ್ಕುವ, ಕರೆಯುವಾಗ ಕಾರಣವಿಲ್ಲದೆ ಒದೆಯುವ ಹಸುವಿಗೆ ದೃಷ್ಟಿ ತೆಗೆಯುವುದಕ್ಕೆ ಮುಂಚೆ, ತೊಟ್ಟಿಗೂ ನೆಲಕ್ಕೂ ನಡುವೆ ವೋಲ್ಟ್‌ಮೀಟರನ್ನು ಹಿಡಿಸಿ ನೋಡಬೇಕು. ಮೇವು ಕತ್ತರಿಸುವ ಯಂತ್ರದ ಮೋಟಾರು ಸೋರುತ್ತಿದ್ದರೆ, ಹಾಲು ಕರೆಯುವ ಯಂತ್ರದ ಭೂಮಿತಂತಿ ತುಕ್ಕುಹಿಡಿದು ಕಡಿದಿದ್ದರೆ ಅಲ್ಲಿ ಸುಳಿವು ಸಿಕ್ಕುವುದು. ಕೊಟ್ಟಿಗೆಯ ಕಬ್ಬಿಣದ ಸಾಮಾನುಗಳನ್ನೆಲ್ಲಾ ಒಂದಕ್ಕೊಂದು ತಂತಿಯಿಂದ ಜೋಡಿಸಿ ಭೂಮಿಗೆ ಸೇರಿಸಿ, ಬೇಸಗೆಯಲ್ಲಿ ಭೂಮಿತಂತಿಯ ಗುಂಡಿಗೆ ಆಗಾಗ್ಗೆ ನೀರೆರೆಯುತ್ತಿರಬೇಕು. ಕೊಟ್ಟಿಗೆಗೆ ಬೇರೆಯೇ ಒಂದು ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.ಯನ್ನು ಲೈಸೆನ್ಸುಳ್ಳ ವೈರ್‌ಮನ್ನಿನಿಂದ ಕೂರಿಸಿದರೆ, ಅಲ್ಲಿ ಸೋರಿಕೆಯಾಗಿ ಅದು ಬಿದ್ದಾಗ ಮನೆಯ ದೀಪಗಳು ಆರದೆ ಉಳಿಯುವುವು. ಬಿದ್ದದ್ದು ಕೊಟ್ಟಿಗೆಯದೆಂದು ತಿಳಿದು, ಬೆಳಕು ಹರಿಯುವವರೆಗೆ ದನಗಳ ಕಣ್ಣಿಯನ್ನು ಬಿಚ್ಚಿ ಹೊರಗೆ ಕಟ್ಟಬಹುದು.